ದಡ ಯಾವ ಕಡೆಗಿದೆ?

ನಮ್ಮ ಹಡಗು ಸೆವರ್ಡ್ ಬಂದರು ಬಿಟ್ಟ ಮಾರನೆಯ ದಿನ ಬೆಳಿಗ್ಗೆ ಅಲಾಸ್ಕಾ ಕೊಲ್ಲಿಯ ಮೇಲೆ ಒಂದು ತುಣುಕು ಮೋಡವೂ ಇರಲಿಲ್ಲ. ಅಮ್ಮ ಸೀರೆಯ ಮೇಲೆ ಎರಡು ಸ್ವೆಟರ್ ತೊಟ್ಟು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ನಮ್ಮ ಕೋಣೆಯ ಬಾಲ್ಕನಿಯಲ್ಲಿ ಕೂತಿದ್ದಳು. ಮೈಸೂರಿನಿಂದ ಹೊರಟಾಗಿನಿಂದ ಅವಳು ಕೇಳುತ್ತಿದ್ದುದು ಒಂದೇ: ಹಿಮದ ಬೆಟ್ಟ ಯಾವಾಗ ಕಾಣುತ್ತೆ? ಆದರೆ ಕಣ್ಣೆದುರಿಗೆ ಇದ್ದದ್ದು ನೀರು, ಅದರಾಚೆಗೂ ನೀರು. ಒಂದು ಗಂಟೆ ಕಾದು ಒಳಗೆ ಬಂದು, "ನಮ್ಮ ಕಡೆ ಏನೂ ಇಲ್ಲ ಕಣೋ" ಅಂದಳು.

ಅಷ್ಟು ಹೊತ್ತಿಗೆ ಕೋಣೆ ಗುಡಿಸುವ ಹುಡುಗ ಬಂದ. ಮೊದಲು ಎದುರಿನ ಕೋಣೆ ಮುಗಿಸುತ್ತೇನೆ ಎಂದು ಅದರ ಬಾಗಿಲು ತೆರೆದು, ಮುಚ್ಚಿಕೊಳ್ಳದಂತೆ ತನ್ನ ಗಾಡಿಯನ್ನು ಅಡ್ಡ ಇಟ್ಟ. ಕೋಣೆಯವರು ತಿಂಡಿಗೆ ಹೋಗಿದ್ದರು. ಪರದೆ ಸರಿದಿತ್ತು. ಓಣಿಯಲ್ಲಿ ನಿಂತಿದ್ದ ಅಮ್ಮ ಗೋಡೆಯ ಹಿಡಿಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಬಾಗಿಲು, ಅದರಾಚೆಗೆ ಮಂಚ, ಅದರಾಚೆಗೆ ಗಾಜು. ಗಾಜಿನ ತುಂಬ ಬೆಳ್ಳಗೆ ಬೆಟ್ಟ. ಬೆಳಗಿನ ಬಿಸಿಲು ನೇರವಾಗಿ ಬಿದ್ದು ಒಂದೊಂದು ಮಡಿಕೆಯೂ ಎದ್ದು ಕಾಣುತ್ತಿತ್ತು. "ಅಯ್ಯೋ, ಅಲ್ಲಿದ್ಯಲ್ಲೋ!" ಎಂದಳು. ಹುಡುಗ ಹಾಸಿಗೆ ಹೊದಿಕೆ ಬದಲಾಯಿಸುವಷ್ಟು ಹೊತ್ತು, ಹತ್ತು ನಿಮಿಷವೋ ಏನೋ, ಅವಳು ಆ ಓಣಿಯಲ್ಲಿ ನಿಂತು ನೋಡಿದಳು. ಆಮೇಲೆ ಅವನು ಗಾಡಿ ತೆಗೆದ, ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ತಪ್ಪು ನನ್ನದು. ಕೋಣೆ ಕಾದಿರಿಸುವಾಗ "ಅಲಾಸ್ಕಾಕ್ಕೆ ಬಲಗಡೆಯ ಕೋಣೆ ತಗೋಬೇಕು" ಎಂಬ ಮಾತನ್ನು ಎಲ್ಲೋ ಕೇಳಿದ್ದೆ. ಟಿಕೆಟ್ ಮಾಡಿಕೊಟ್ಟ ಏಜೆಂಟರಿಗೂ ಅದನ್ನೇ ಹೇಳಿದೆ. ಅವರು ಆಗಲಿ ಎಂದರು. ಆ ಸಲಹೆ ವ್ಯಾಂಕೂವರ್‌ನಿಂದ ಉತ್ತರಕ್ಕೆ ಹೋಗುವವರಿಗೆ ಹೇಳಿದ್ದು. ನಾವು ಸೆವರ್ಡ್‌ನಲ್ಲಿ ಹತ್ತಿ ದಕ್ಷಿಣಕ್ಕೆ ಇಳಿಯುವವರು. ಉತ್ತರಕ್ಕೆ ಹೋಗುವಾಗ ಬಲಕ್ಕಿರುವ ದಡ, ದಕ್ಷಿಣಕ್ಕೆ ಬರುವಾಗ ಎಡಕ್ಕೆ ಬರುತ್ತದೆ. ಇದಕ್ಕೆ ವಿದ್ಯೆ ಬೇಕಾಗಿಲ್ಲ, ಒಂದು ನಕ್ಷೆ ಸಾಕಿತ್ತು. ನಾನು ನಕ್ಷೆ ನೋಡಿರಲಿಲ್ಲ.

ಹಡಗಿನ ಪ್ರವಾಸ ಮಾಡಿದ ಹಲವರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. "ಎಡವಾದರೇನು ಬಲವಾದರೇನು, ಮೇಲಿನ ಡೆಕ್‌ಗೆ ಹೋದರೆ ಎರಡೂ ಕಡೆ ಕಾಣುತ್ತದೆ" ಎನ್ನುತ್ತಾರೆ. ಗಟ್ಟಿಮುಟ್ಟಾದವರಿಗೆ ಅದು ನಿಜ. ನಾನೂ ಅವತ್ತು ಮೇಲಕ್ಕೆ ಓಡಿದೆ, ಮನದಣಿಯೆ ನೋಡಿದೆ. ಆದರೆ ಮಂಡಿನೋವಿನ ಎಪ್ಪತ್ತು ದಾಟಿದ ಹೆಂಗಸು ಲಿಫ್ಟ್‌ಗೆ ಕಾದು, ತೆರೆದ ಡೆಕ್‌ನ ಭಾರದ ಬಾಗಿಲು ತಳ್ಳಿ, ಚಳಿಗಾಳಿಯಲ್ಲಿ ಕಂಬಿ ಹಿಡಿದು ಎಷ್ಟು ಹೊತ್ತು ನಿಂತಾಳು? ಮಕ್ಕಳು ಅಮೆರಿಕದಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಬೇಸಿಗೆಗೆ ಅಲ್ಲಿಗೆ ಹೋದಾಗ ಈ ಅಲಾಸ್ಕಾ ಹಡಗಿಗೆ ಕರೆದುಕೊಂಡು ಹೋಗುವುದು ಈಗ ರೂಢಿಯಾಗಿದೆ. ದುಬಾರಿ ಬಾಲ್ಕನಿ ಕೋಣೆ ಹಿಡಿಯುವುದೇ ಅವರು ಕೂತಲ್ಲಿಂದ ನೋಡಲಿ ಎಂದು. ಓಡಾಡಲಾಗದವರಿಗೆ ಆ ಬಾಲ್ಕನಿ ಯಾವ ಕಡೆಗೆ ತೆರೆದಿದೆಯೋ ಆ ಕಡೆಯದಷ್ಟೇ ಅಲಾಸ್ಕಾ. ಅದಕ್ಕೇ ಈ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳು. ಹಡಗಿನಲ್ಲಿ ಮುಂದಕ್ಕೆ, ಅಂದರೆ ಮೂತಿಯ ಕಡೆಗೆ ಮುಖ ಮಾಡಿ ನಿಂತಾಗ ಎಡಗೈಯ ಕಡೆ ಪೋರ್ಟ್, ಬಲಗೈಯ ಕಡೆ ಸ್ಟಾರ್‌ಬೋರ್ಡ್. ನೀವು ಹಿಂದಕ್ಕೆ ತಿರುಗಿ ನಿಂತರೂ ಹಡಗಿನ ಎಡಬಲ ಬದಲಾಗುವುದಿಲ್ಲ. ಅದಕ್ಕಾಗಿಯೇ ಬೇರೆ ಹೆಸರು ಇಟ್ಟಿದ್ದು. ಹಿಂದೆ ಯುರೋಪಿನ ಉತ್ತರ ಭಾಗದ ಹಡಗುಗಳಲ್ಲಿ ಚುಕ್ಕಾಣಿ ಹಿಂಭಾಗದ ನಡುವೆ ಇರುತ್ತಿರಲಿಲ್ಲ. ಬಲಗೈಯವರೇ ಹೆಚ್ಚಾದ್ದರಿಂದ ಅಗಲವಾದ ಹುಟ್ಟೊಂದನ್ನು ಬಲಬದಿಗೆ ಕಟ್ಟಿ ಅದರಿಂದಲೇ ದಿಕ್ಕು ತಿರುಗಿಸುತ್ತಿದ್ದರು. ಚುಕ್ಕಾಣಿಯ ಬದಿ ಎಂಬ ಅರ್ಥದ ಹಳೆಯ ಇಂಗ್ಲಿಷ್ ಮಾತೇ ಸ್ಟಾರ್‌ಬೋರ್ಡ್ ಆಯಿತು. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಧಕ್ಕೆಗೆ ತಾಗಿದರೆ ಆ ಹುಟ್ಟು ಮುರಿಯುತ್ತದಲ್ಲ, ಅದಕ್ಕೆ ಎಡಬದಿಯನ್ನೇ ದಡಕ್ಕೆ ಆನಿಸುತ್ತಿದ್ದರು. ಎಡಕ್ಕೆ ಮೊದಲಿದ್ದ ಹೆಸರು ಲಾರ್‌ಬೋರ್ಡ್. ಬಿರುಗಾಳಿಯಲ್ಲಿ ಕೂಗಿ ಹೇಳಿದಾಗ ಎರಡೂ ಒಂದೇ ಥರ ಕೇಳುತ್ತಿದ್ದುದರಿಂದ 1844ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಕೈಬಿಟ್ಟು ಪೋರ್ಟ್ ಎಂದೇ ಹೇಳಬೇಕೆಂದು ಆಜ್ಞೆ ಮಾಡಿತು. ಈಗಲೂ ರಾತ್ರಿ ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ ಉರಿಯುತ್ತದೆ.

ಈಗ ಅಲಾಸ್ಕಾ. ಅಲ್ಲಿಗೆ ಹೋಗುವ ಹಡಗುಗಳು ಎರಡು ಬಗೆ. ಒಂದು, ಸಿಯಾಟಲ್ ಅಥವಾ ವ್ಯಾಂಕೂವರ್‌ನಿಂದ ಹೊರಟು ಏಳು ದಿನಕ್ಕೆ ಅಲ್ಲಿಗೇ ಹಿಂದಿರುಗುವಂಥದು. ಇನ್ನೊಂದು, ವ್ಯಾಂಕೂವರ್‌ನಿಂದ ಸೆವರ್ಡ್ ಅಥವಾ ವಿಟಿಯರ್‌ಗೆ ಹೋಗಿ ಅಲ್ಲೇ ಇಳಿಸುವಂಥದು, ಇಲ್ಲವೇ ಅಲ್ಲಿಂದ ಹತ್ತಿಸಿಕೊಂಡು ವ್ಯಾಂಕೂವರ್‌ಗೆ ತರುವಂಥದು. ಈ ಏಕಮುಖ ಪ್ರಯಾಣ ಸಿಯಾಟಲ್ ಬಿಟ್ಟು ಕೆನಡಾದ ವ್ಯಾಂಕೂವರ್‌ನಿಂದ ಏಕೆ ಎಂದರೆ, ಅಮೆರಿಕದ್ದೇ 1886ರ ಒಂದು ಕಾನೂನು. ವಿದೇಶಿ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದ ಇನ್ನೊಂದು ಬಂದರಿನಲ್ಲಿ ಸುಮ್ಮನೆ ಇಳಿಸುವಂತಿಲ್ಲ. ದೊಡ್ಡ ಪ್ರವಾಸಿ ಹಡಗುಗಳೆಲ್ಲ ಹೆಚ್ಚುಕಡಿಮೆ ವಿದೇಶಗಳಲ್ಲಿ ನೋಂದಣಿಯಾದವು. ಸಿಯಾಟಲ್‌ನಿಂದ ಹೋಗಿಬರುವ ಹಡಗು ನಡುವೆ ಒಂದು ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವುದೂ ಈ ಕಾನೂನಿನ ಕಾರಣದಿಂದಲೇ.

ಹೋಗಿಬರುವ ಪ್ರಯಾಣವಾದರೆ ಎಡಬಲದ ಚಿಂತೆ ಅರ್ಧಕ್ಕರ್ಧ ಕಡಿಮೆ. ಹೋಗುವಾಗ ತಪ್ಪಿದ ದಡ ಬರುವಾಗ ನಿಮ್ಮ ಕಡೆಗೆ ಬರುತ್ತದೆ. ಪೂರ್ತಿ ಕಡಿಮೆ ಎನ್ನಲಾರೆ, ಏಕೆಂದರೆ ಹೋಗುವಾಗ ಹಗಲಲ್ಲಿ ದಾಟಿದ ಜಾಗವನ್ನು ಬರುವಾಗ ರಾತ್ರಿ ದಾಟಬಹುದು. ಏಕಮುಖ ಪ್ರಯಾಣದಲ್ಲಿ ಎರಡನೆಯ ಅವಕಾಶವೇ ಇಲ್ಲ. ಹಿಡಿದ ಬದಿಯೇ ಗತಿ.

ವ್ಯಾಂಕೂವರ್‌ನಿಂದ ಹೊರಟ ಹಡಗು ಮೊದಲ ದಿನಗಳಲ್ಲಿ ಇನ್‌ಸೈಡ್ ಪ್ಯಾಸೇಜ್ ಎಂಬ ಒಳಹಾದಿಯಲ್ಲಿ ಸಾಗುತ್ತದೆ. ಬಲಕ್ಕೆ ಮುಖ್ಯ ಭೂಮಿ, ಎಡಕ್ಕೆ ದ್ವೀಪಗಳ ಸಾಲು. ಹೊರಗಡಲಿನ ಅಲೆಗಳನ್ನು ಆ ದ್ವೀಪಗಳು ತಡೆಯುವುದರಿಂದ ಹಡಗು ಹೊಯ್ದಾಡುವುದಿಲ್ಲ, ಎರಡೂ ಕಡೆ ಕಾಡು ತುಂಬಿದ ಬೆಟ್ಟ. ಕೆಲವೆಡೆ ಹಾದಿ ತೀರ ಕಿರಿದು. ಸೀಮೋರ್ ನ್ಯಾರೋಸ್ ಎಂಬಲ್ಲಿ ಅಗಲ ಒಂದು ಕಿಲೋಮೀಟರ್ ಕೂಡ ಇಲ್ಲ. ಅಲ್ಲಿ ನೀರಿನಡಿ ಅಡಗಿದ್ದ ಬಂಡೆಗೆ ಹಡಗುಗಳು ಒಡೆಯುತ್ತಿದ್ದವು ಎಂದು 1958ರಲ್ಲಿ ಅದನ್ನು ಸಿಡಿಮದ್ದಿಟ್ಟು ಹಾರಿಸಿದರು. ಇಂದಿಗೂ ಸೆಳೆತ ತಗ್ಗುವ ಹೊತ್ತು ನೋಡಿಕೊಂಡೇ ದೊಡ್ಡ ಹಡಗುಗಳು ಅದನ್ನು ದಾಟುತ್ತವೆ. ಈ ಒಳಹಾದಿಯಲ್ಲಿ ಎಡಗಡೆಯವರಿಗೂ ಬಲಗಡೆಯವರಿಗೂ ನಷ್ಟವಿಲ್ಲ. ಸಿಯಾಟಲ್‌ನಿಂದ ಹೊರಡುವ ಎಷ್ಟೋ ಹಡಗುಗಳು ವ್ಯಾಂಕೂವರ್ ದ್ವೀಪದ ಹೊರಬದಿಯಿಂದ, ತೆರೆದ ಸಾಗರದಲ್ಲೇ ಹೋಗುತ್ತವೆ ಎಂಬುದನ್ನು ಮಾತ್ರ ಟಿಕೆಟ್ ಮಾಡಿಸುವ ಮುಂಚೆ ಕೇಳಿ ತಿಳಿದುಕೊಳ್ಳಿ.

ಒಳಹಾದಿ ಮುಗಿದು ಅಲಾಸ್ಕಾ ಕೊಲ್ಲಿಗೆ ಬಿದ್ದ ಮೇಲೆ ಎಡಬಲಕ್ಕೆ ಅಜಗಜಾಂತರ. ಒಂದು ಕಡೆ ಇಡೀ ಪೆಸಿಫಿಕ್ ಸಾಗರ. ಇನ್ನೊಂದು ಕಡೆ 4,671 ಮೀಟರ್ ಎತ್ತರದ ಫೇರ್‌ವೆದರ್ ಶಿಖರ, ಅದರಿಂದ ಮುಂದೆ 5,489 ಮೀಟರಿನ ಸೇಂಟ್ ಎಲಿಯಾಸ್. ನಮ್ಮ ಮುಳ್ಳಯ್ಯನಗಿರಿಯ ಸುಮಾರು ಮೂರು ಪಟ್ಟು ಎತ್ತರದ ಬೆಟ್ಟ, ಹೆಚ್ಚುಕಡಿಮೆ ಕಡಲಂಚಿನಿಂದಲೇ ಎದ್ದು ನಿಂತಿರುವುದನ್ನು ಊಹಿಸಿಕೊಳ್ಳಿ. ಓಣಿಯಲ್ಲಿ ನಿಂತು ಅಮ್ಮ ಕಂಡದ್ದು ಈ ಸಾಲನ್ನೇ. ಉತ್ತರಕ್ಕೆ ಹೋಗುವ ಹಡಗಿನಲ್ಲಿ ಇದು ಬಲಕ್ಕೆ, ಬರುವ ಹಡಗಿನಲ್ಲಿ ಎಡಕ್ಕೆ.

ದಡದ ಜೊತೆಗೆ ನೋಡಬೇಕಾದ್ದು ಸೂರ್ಯ. ಆ ಅಕ್ಷಾಂಶದಲ್ಲಿ ಬೇಸಿಗೆಯ ಸೂರ್ಯನ ನಡೆ ನಮ್ಮ ಊರಿನದಕ್ಕಿಂತ ತೀರ ಬೇರೆ. ಉತ್ತರಾಯಣದ ಕೊನೆಯ ದಿನಗಳಲ್ಲಿ ನಮ್ಮಲ್ಲೂ ಸೂರ್ಯ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ಸರಿದು ಮುಳುಗುತ್ತಾನೆ. ಜೂನೋ ಪಟ್ಟಣದ ಹತ್ತಿರ ಜೂನ್ ಕೊನೆಗೆ ಅವನು ಮುಳುಗುವುದು ಹೆಚ್ಚುಕಡಿಮೆ ವಾಯವ್ಯಕ್ಕೆ, ಅದೂ ರಾತ್ರಿ ಹತ್ತರ ಸುಮಾರಿಗೆ. ಮಧ್ಯಾಹ್ನ ದಕ್ಷಿಣದಲ್ಲಿ ಇರುತ್ತಾನೆ. ಕೊಲ್ಲಿಯ ದಡದ ಯಾಕುಟಾಟ್ ದಾಟಿ ಸೆವರ್ಡ್ ಕಡೆಗೆ ಹೋಗುವ ಹಡಗಿನ ಮೂತಿ ಹೆಚ್ಚುಕಡಿಮೆ ಪಶ್ಚಿಮಕ್ಕೆ ಇರುತ್ತದೆ. ಹಾಗಾಗಿ ಮಧ್ಯಾಹ್ನದ ಬಿಸಿಲು ಎಡ ಬಾಲ್ಕನಿಗೆ, ಬೆಟ್ಟಗಳು ಬಲ ಬಾಲ್ಕನಿಗೆ. ಬಲಗಡೆ ಕೂತವರ ಬೆನ್ನ ಹಿಂದಿನಿಂದ ಬೆಳಕು ಬೆಟ್ಟದ ಮೇಲೆ ಬೀಳುವುದರಿಂದ ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಅವರು ನೆರಳಿನಲ್ಲಿ ಕೂತು ನಡುಗಬೇಕು. ಜೂನ್ ಕೊನೆಯ ಸೂರ್ಯಾಸ್ತ ಕೂಡ ಮೂತಿಯಿಂದ ಬಲಕ್ಕೇ ಕಾಣುತ್ತದೆ. ಪಶ್ಚಿಮ ಎಡಕ್ಕಿದೆ, ಸೂರ್ಯಾಸ್ತ ಅಲ್ಲಿ ಎಂದು ಹೇಳುವವರು ನಮ್ಮೂರಿನ ಲೆಕ್ಕವನ್ನು ಅಲ್ಲಿಗೆ ಹೊತ್ತೊಯ್ಯುತ್ತಿದ್ದಾರೆ ಅಷ್ಟೆ. ಹಿರಿಯರನ್ನು ಕೂರಿಸುವುದಾದರೆ ಬಲ ಬಾಲ್ಕನಿಗೆ ಒಂದು ದಪ್ಪ ರಗ್ಗು ಬೇಕೇ ಬೇಕು. ಕೇಳಿದರೆ ಹಡಗಿನವರು ಕೊಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. ಹಿಮನದಿಯ ಎದುರಿಗೆ ಬಂದಾಗ ಎಡಬಲದ ಭೇದ ಇಲ್ಲ. ನಮ್ಮ ಹಡಗು ಅದೇ ದಿನ ಮಧ್ಯಾಹ್ನ ಹಬರ್ಡ್ ಹಿಮನದಿಯ ಮುಂದೆ ನಿಂತಿತು. ಆ ಜಾಗದ ಹೆಸರು ಡಿಸೆನ್‌ಚಾಂಟ್‌ಮೆಂಟ್ ಕೊಲ್ಲಿ. 1791ರಲ್ಲಿ ಸ್ಪೇನಿನ ಪರವಾಗಿ ಬಂದ ಅಲೆಸಾಂಡ್ರೊ ಮಲಸ್ಪಿನಾ, ಅಟ್ಲಾಂಟಿಕ್‌ಗೆ ದಾರಿ ಸಿಕ್ಕಿತೆಂದು ಒಳಹೊಕ್ಕು, ಮುಂದೆ ಬರೀ ಹಿಮ ಕಂಡು ಭ್ರಮೆ ಕಳಚಿತೆಂದು ಇಟ್ಟ ಹೆಸರು ಅದು. ಸುಮಾರು ಹತ್ತು ಕಿಲೋಮೀಟರ್ ಅಗಲದ ಹಿಮದ ಗೋಡೆ. ಅಮ್ಮ ಬಾಲ್ಕನಿಯಲ್ಲಿ ಕೂತಿದ್ದಳು, ಮತ್ತೆ ಅವಳ ಎದುರಿಗೆ ಬರೀ ನೀರು, ತೇಲುವ ಹಿಮದ ತುಂಡುಗಳು. ಆಗ ಹಡಗು ನಿಂತಲ್ಲೇ ತಿರುಗತೊಡಗಿತು. ಈಗಿನ ಹಡಗುಗಳ ಮೂತಿಯಲ್ಲಿ ಪಕ್ಕಕ್ಕೆ ತಳ್ಳುವ ಚಕ್ರಗಳಿರುತ್ತವೆ, ಅನೇಕ ಹಡಗುಗಳಲ್ಲಿ ಹಿಂದಿನ ಚಕ್ರಗಳೇ ಎಲ್ಲ ದಿಕ್ಕಿಗೂ ತಿರುಗುತ್ತವೆ. ಹಾಗಾಗಿ ಮುಂದಕ್ಕೆ ಚಲಿಸದೆಯೇ ಗಿರ್ರನೆ ಅಲ್ಲ, ರಥ ಮೂಲೆಯಲ್ಲಿ ತಿರುಗುವಷ್ಟು ನಿಧಾನವಾಗಿ ತಿರುಗಬಲ್ಲವು. ಬಾಲ್ಕನಿಯ ಕಂಬಿಯ ಒಂದು ತುದಿಯಿಂದ ನೀಲಿ ಬೆಳ್ಳಗಿನ ಗೋಡೆ ಸರಿದು ಸರಿದು ಬಂದು ಪೂರ್ತಿ ತುಂಬಿಕೊಂಡಿತು. ಒಂದು ಕಡೆ ಕುಸಿದ ಹಿಮದ ಸದ್ದು ಗುಡುಗಿನಂತೆ ತಡವಾಗಿ ಕೇಳಿಸಿತು. ಅಮ್ಮ ಕೈ ಮುಗಿದಳು.

ಗ್ಲೇಸಿಯರ್ ಬೇಯಲ್ಲೂ ಕಪ್ತಾನರು ಹೀಗೆಯೇ ಎರಡೂ ಬದಿಯವರಿಗೆ ತೋರಿಸುತ್ತಾರೆ. ಆ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಹೆಚ್ಚೆಂದರೆ ಎರಡು ಪ್ರವಾಸಿ ಹಡಗುಗಳಿಗೆ ಮಾತ್ರ ಪ್ರವೇಶ. 1794ರಲ್ಲಿ ನಾವಿಕ ಜಾರ್ಜ್ ವ್ಯಾಂಕೂವರ್ ತಂಡ ಬಂದಾಗ ಅಲ್ಲಿ ಕೊಲ್ಲಿಯೇ ಇರಲಿಲ್ಲ ಎನ್ನಬಹುದು, ಬಾಯಿಯವರೆಗೂ ಹಿಮ ತುಂಬಿತ್ತು. 1879ರಲ್ಲಿ ಪ್ರಕೃತಿತಜ್ಞ ಜಾನ್ ಮ್ಯೂರ್ ಬರುವ ಹೊತ್ತಿಗೆ ಆ ಹಿಮ 60 ಕಿಲೋಮೀಟರ್‌ಗೂ ಹೆಚ್ಚು ಹಿಂದೆ ಸರಿದಿತ್ತು. ಇಂದು ಹಡಗು ಸಾಗುವ ನೀರೆಲ್ಲ ಒಂದು ಕಾಲಕ್ಕೆ ಹಿಮ. ಇಂಥ ಜಾಗಕ್ಕಾಗಿ ಯಾವ ಬದಿ ಎಂದು ತಲೆ ಕೆಡಿಸಿಕೊಳ್ಳಬೇಡಿ. ಚಿಂತೆ ಮಾಡಬೇಕಾದ್ದು ಹಡಗು ದಡದ ಉದ್ದಕ್ಕೂ ಓಡುವ ಹಗಲುಗಳ ಬಗ್ಗೆ.

ಬಿಸಿಲಿನ ಲೆಕ್ಕ ಹಾಕಿ ಬದಿ ಆರಿಸುವುದು ಹೊಸದೇನೂ ಅಲ್ಲ, ಅದಕ್ಕೂ ಭಾರತಕ್ಕೂ ಹಳೆಯ ನಂಟಿದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಗ್ಲೆಂಡಿನಿಂದ ಬೊಂಬಾಯಿಗೆ ಬರುತ್ತಿದ್ದ ಹಡಗು ಮೆಡಿಟರೇನಿಯನ್‌ನಲ್ಲಿ ಪೂರ್ವಕ್ಕೆ, ಕೆಂಪು ಸಮುದ್ರದಲ್ಲಿ ಆಗ್ನೇಯಕ್ಕೆ, ಅರಬ್ಬಿ ಸಮುದ್ರದಲ್ಲಿ ಮತ್ತೆ ಪೂರ್ವಕ್ಕೆ ಸಾಗುತ್ತಿತ್ತು. ದಕ್ಷಿಣದ ಬಿಸಿಲು, ಕೆಂಪು ಸಮುದ್ರದ ಸಂಜೆಯ ಉರಿಬಿಸಿಲು ಎರಡೂ ಬಲಬದಿಗೆ. ಎಸಿ ಇಲ್ಲದ ಕಾಲ, ಕಬ್ಬಿಣದ ಗೋಡೆ. ಹಾಗಾಗಿ ಬರುವಾಗ ಎಡಗಡೆ, ಹಿಂದಿರುಗುವಾಗ ಬಲಗಡೆ ಕೋಣೆ ಸಿಕ್ಕವರು ಪುಣ್ಯವಂತರು. ದೊಡ್ಡಸ್ತಿಕೆ ಸೂಚಿಸುವ ಇಂಗ್ಲಿಷಿನ 'ಪಾಶ್' ಎಂಬ ಪದ, "ಹೋಗುವಾಗ ಪೋರ್ಟ್, ಬರುವಾಗ ಸ್ಟಾರ್‌ಬೋರ್ಡ್" ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಪಿ ಅಂಡ್ ಒ ಹಡಗು ಕಂಪನಿ ಟಿಕೆಟ್ ಮೇಲೆ ಒತ್ತುತ್ತಿದ್ದ ಮುದ್ರೆಯಿಂದ ಬಂತು ಎಂಬ ಕತೆಯನ್ನು ನೀವೂ ಕೇಳಿರಬಹುದು. ಕತೆ ಸೊಗಸಾಗಿದೆ, ನಿಜವಲ್ಲ. ಅಂಥ ಮುದ್ರೆಯಿರುವ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಈ ವ್ಯುತ್ಪತ್ತಿಯ ಕತೆ ಹರಡಿದ್ದು 1930ರ ದಶಕದಲ್ಲಿ; ಪದ ಅದಕ್ಕೂ ಮೊದಲೇ ಅಚ್ಚಿನಲ್ಲಿತ್ತು. ಪದದ ಕತೆ ಸುಳ್ಳಾದರೂ ಬಿಸಿಲಿನ ಲೆಕ್ಕ ಮಾತ್ರ ಸರಿಯೇ.

ಆ ಲೆಕ್ಕ ನಮ್ಮ ಕರಾವಳಿಗೆ ನೇರವಾಗಿ ಹೊಂದುತ್ತದೆ. ಮುಂಬೈಯಿಂದ ಗೋವಾ, ಮಂಗಳೂರು, ಕೊಚ್ಚಿಯ ಕಡೆಗೆ ಇಳಿಯುವ ಹಡಗಿಗೆ ದಡ ಎಡಕ್ಕೆ, ಸೂರ್ಯಾಸ್ತ ಬಲಕ್ಕೆ. ಪಣಂಬೂರಿನ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ಪ್ರವಾಸಿ ಹಡಗುಗಳು ಬರುತ್ತವೆ. "ಎಡಗಡೆ ಕೂತರೆ ಮುರ್ಡೇಶ್ವರ ಕಾಣುತ್ತಾ?" ಎಂದು ಒಬ್ಬ ಪರಿಚಿತರು ಕೇಳಿದ್ದರು. ಅದಕ್ಕೆ ಒಂದು ಸುಲಭ ಲೆಕ್ಕವಿದೆ. ನಿಮ್ಮ ಕಣ್ಣು ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರವೆಂದು ಸಿಗುತ್ತದೆ. ಬಾಲ್ಕನಿ 25 ಮೀಟರ್ ಎತ್ತರದಲ್ಲಿದ್ದರೆ ಐದನ್ನು 3.57ರಿಂದ ಗುಣಿಸಿ, ಸುಮಾರು 18 ಕಿಲೋಮೀಟರ್. ದಡದ ಮರಳು ಕಾಣಬೇಕಾದರೆ ಹಡಗು ಅಷ್ಟರೊಳಗೆ ಬರಬೇಕು. ಎತ್ತರದ ವಸ್ತುವಾದರೆ ಅದರ ಎತ್ತರಕ್ಕೂ ಇದೇ ಲೆಕ್ಕ ಮಾಡಿ ಕೂಡಿಸಬೇಕು. 1,343 ಮೀಟರಿನ ಕೊಡಚಾದ್ರಿ ಈ ಲೆಕ್ಕದಲ್ಲಿ ನೂರು ಕಿಲೋಮೀಟರ್ ಆಚೆಗೂ ತಲೆ ಎತ್ತಿರಬೇಕು. ಆದರೆ ಚಳಿಗಾಲದ ಮಬ್ಬು ಅದನ್ನು ನುಂಗಿಹಾಕುತ್ತದೆ. ಅದಲ್ಲದೆ ರಾತ್ರಿ ಸಾಗಿ ಬೆಳಿಗ್ಗೆ ಬಂದರು ಸೇರುವುದು ಈ ಹಡಗುಗಳ ಸಾಮಾನ್ಯ ಕ್ರಮ. ಆದ್ದರಿಂದ ನಮ್ಮ ಕರಾವಳಿಯಲ್ಲಿ ದಡದ ಆಸೆಗೆ ಬದಿ ಆರಿಸಬೇಡಿ. ದಕ್ಷಿಣಕ್ಕೆ ಹೋಗುವಾಗ ಸಂಜೆಯ ಸೂರ್ಯ ಬೇಕೆಂದರೆ ಬಲ. ಮಧ್ಯಾಹ್ನ ಮೂರರ ಬಿಸಿಲಿಗೆ ಬಾಲ್ಕನಿಯ ಕುರ್ಚಿ ಕಾದು ಕೂರಲಾಗದೆ ಹೋಗುವುದು ಬೇಡವೆಂದರೆ ಎಡ. ವಯಸ್ಸಾದವರಿಗೆ ನಾನು ಎಡವನ್ನೇ ಹೇಳುತ್ತೇನೆ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೇಲೆ ಕರೆದುಕೊಂಡು ಹೋಗಬಹುದು, ನಮ್ಮ ಕಡಲಿನಲ್ಲಿ ಸಂಜೆ ಚಳಿಯಿರುವುದಿಲ್ಲ.

ನಾರ್ವೆಯಲ್ಲಿ ಬದಿಯ ಆಯ್ಕೆ ಇನ್ನೂ ಕಠಿಣ. ಬರ್ಗನ್‌ನಿಂದ ಈಶಾನ್ಯದ ತುದಿಯ ಕಿರ್ಕೆನೆಸ್‌ಗೆ 34 ಬಂದರುಗಳನ್ನು ಮುಟ್ಟುತ್ತ ಹೋಗುವ ಹಡಗಿನ ಹಾದಿ 1893ರಲ್ಲಿ ಶುರುವಾದ ಅಂಚೆ ಮತ್ತು ಸರಕಿನ ಸೇವೆಯಿಂದ ಬೆಳೆದದ್ದು. ಹೋಗುವಾಗ ದಡ ಬಲಕ್ಕೆ. ಬೇಸಿಗೆಯಲ್ಲಿ ಉತ್ತರ ತುದಿಯನ್ನು ಸುತ್ತುವಾಗ ನಡುರಾತ್ರಿಯಲ್ಲೂ ಮುಳುಗದ ಸೂರ್ಯ ಉತ್ತರದಲ್ಲಿ, ಅಂದರೆ ಹಡಗಿನ ಎಡಕ್ಕೆ. ಅಲ್ಲಿ ಬೆಟ್ಟವೋ ಸೂರ್ಯನೋ ಎಂದು ಆರಿಸಿಕೊಳ್ಳಲೇಬೇಕು. ಹೋಗುವಾಗ ರಾತ್ರಿ ದಾಟಿದ ಬಂದರುಗಳನ್ನು ಬರುವಾಗ ಹಗಲಲ್ಲಿ ದಾಟುವಂತೆ ವೇಳಾಪಟ್ಟಿ ಮಾಡಿದ್ದಾರೆ, ಹಾಗಾಗಿ ಹೋಗಿಬರುವ ಟಿಕೆಟ್ ಮಾಡಿಸುವುದೇ ಮೇಲು.

ಇನ್ನು ಕೋಣೆ ಕಾದಿರಿಸುವ ಹೊತ್ತಿನ ಮಾತು. ಕೋಣೆಯ ಸಂಖ್ಯೆ ನೋಡಿ ಬದಿ ಊಹಿಸಬೇಡಿ. ಬಹಳಷ್ಟು ಹಡಗುಗಳಲ್ಲಿ ಸಮ ಸಂಖ್ಯೆ ಎಡಕ್ಕೆ, ಬೆಸ ಸಂಖ್ಯೆ ಬಲಕ್ಕೆ ಇರುತ್ತದೆ, ಕೆಲವು ಕಡೆ ತಿರುವುಮುರುವು. ಡೆಕ್ ನಕ್ಷೆಯನ್ನೇ ನೋಡಬೇಕು. ನೋಡುವಾಗ ಮೊದಲು ಚೂಪಾದ ಮೂತಿ ಎಲ್ಲಿದೆ ಎಂದು ಬೆರಳಿಟ್ಟು ಗುರುತಿಸಿ. ಮೂತಿ ಮೇಲಕ್ಕಿದ್ದರೆ ಹಾಳೆಯ ಎಡವೇ ಹಡಗಿನ ಎಡ. ಮೊಬೈಲ್ ಪರದೆಯಲ್ಲಿ ಹಡಗನ್ನು ಅಡ್ಡಡ್ಡ ಮಲಗಿಸಿ ಮೂತಿ ಎಡಕ್ಕೆ ತೋರಿಸಿದ್ದರೆ ಕೆಳಗಿನ ಸಾಲು ಹಡಗಿನ ಎಡಬದಿ, ಮೂತಿ ಬಲಕ್ಕಿದ್ದರೆ ಮೇಲಿನ ಸಾಲು. ಇಲ್ಲಿ ಎಡವುವವರೇ ಹೆಚ್ಚು. ನಿಮ್ಮ ಕೋಣೆಯ ಕೆಳಗಿನ ಡೆಕ್‌ನಲ್ಲಿ ಜೀವರಕ್ಷಕ ದೋಣಿಗಳು ತೂಗಿವೆಯೇ ಎಂದೂ ನೋಡಿ. ಬದಿ ಸರಿಯಿದ್ದು ಎದುರಿಗೆ ಕಿತ್ತಳೆ ಬಣ್ಣದ ದೋಣಿಯ ಬೆನ್ನು ಇದ್ದರೆ ಏನು ಬಂತು? ಹೊಯ್ದಾಟಕ್ಕೆ ಹೆದರುವವರಿಗೆ ಎಡಬಲದಲ್ಲಿ ವ್ಯತ್ಯಾಸವಿಲ್ಲ. ಮೂತಿಯಿಂದಲೂ ಬಾಲದಿಂದಲೂ ದೂರ, ನಡುಭಾಗದಲ್ಲಿ, ಕೆಳಗಿನ ಡೆಕ್ ಒಳ್ಳೆಯದು. ತೀರ ಹಿಂಭಾಗದ ಕೋಣೆಗಳಿಗೆ ಎರಡೂ ದಡ ಸರಿದುಹೋಗುವುದು ಕಾಣುತ್ತದೆ, ಇಂಜಿನ್ನಿನ ಅದುರು ಸ್ವಲ್ಪ ಸಹಿಸಬೇಕು. ಬಂದರಿನಲ್ಲಿ ಯಾವ ಬದಿ ಧಕ್ಕೆಗೆ ತಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ನಂಬಿಕೊಳ್ಳಬೇಡಿ. ಗಾಳಿ, ಸೆಳೆತ, ಪಕ್ಕದ ಹಡಗು ನೋಡಿ ಅದು ನಿರ್ಧಾರವಾಗುತ್ತದೆ.

ಒಂದು ಎಚ್ಚರಿಕೆ. 'ಗ್ಯಾರಂಟಿ' ಎಂಬ ಹೆಸರಿನ ಅಗ್ಗದ ದರ ಕಂಡರೆ ಓದಿ ನೋಡಿ. ಗ್ಯಾರಂಟಿ ಇರುವುದು ಕೋಣೆಯ ದರ್ಜೆಗೆ ಮಾತ್ರ. ಯಾವ ಬದಿ, ಯಾವ ಡೆಕ್ ಎಂಬುದನ್ನು ಕಂಪನಿಯೇ ಕೊನೆಗೆ ಹಂಚುತ್ತದೆ, ನಿಮ್ಮ ಮಾತಿಗೆ ಅಲ್ಲಿ ಜಾಗವಿಲ್ಲ. ಹೋಗಿಬರುವ ಪ್ರಯಾಣಕ್ಕೆ, ಚಿಕ್ಕ ವಯಸ್ಸಿನವರಿಗೆ ಅದು ಸರಿ. ಅಪ್ಪ ಅಮ್ಮನಿಗಾಗಿ ಏಕಮುಖ ಟಿಕೆಟ್ ಮಾಡಿಸುವಾಗ ಆ ಉಳಿತಾಯ ಬೇಡ.

ಹೋದ ತಿಂಗಳು ಚಿಕ್ಕಮ್ಮ ಸಿಯಾಟಲ್‌ನ ಮಗಳ ಮನೆಯಿಂದ ಫೋನ್ ಮಾಡಿದ್ದರು. "ಅಕ್ಕನ ಥರ ನನ್ನನ್ನೂ ಓಣಿಯಲ್ಲಿ ನಿಲ್ಲಿಸಬೇಡಪ್ಪ, ಯಾವ ಕಡೆ ಅಂತ ಸರಿಯಾಗಿ ನೋಡಿ ಹೇಳು" ಎಂದರು. ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತೀರಿ ಎಂದು ಮೊದಲು ಕೇಳಿದೆ. ವ್ಯಾಂಕೂವರ್‌ನಲ್ಲಿ ಹತ್ತಿ ವಿಟಿಯರ್‌ನಲ್ಲಿ ಇಳಿಯುವುದು, ಜೂನ್ ತಿಂಗಳು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ಹಾದಿಯ ಮೇಲೆ ಬೆರಳಾಡಿಸಿ ನೋಡಿ, ಹಡಗಿನ ಡೆಕ್ ನಕ್ಷೆ ತರಿಸಿ, ಅವರ ಮಗಳ ಜೊತೆ ಫೋನಿನಲ್ಲೇ ಮಾತಾಡಿ ಆರಿಸಿದೆವು. ಬಲಗಡೆ, ನಡುಭಾಗ, ಕೆಳಗೆ ದೋಣಿಗಳಿಲ್ಲದ ಕೋಣೆ. ಜೊತೆಗೆ ಎರಡು ರಗ್ಗು ಕೇಳಿ ಬರೆಸಿದ್ದೇವೆ.